ಹೊಗೆಯಕ್ಕ ಒಲೆಯ ಹತ್ತಿರ ಸುಳಿಯದ ಬೆಳಗು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಡುಗೆಕೋಣೆಯಲ್ಲಿ ಗಂಡ ಈರುಳ್ಳಿ ಹೆಚ್ಚುತ್ತ ಕಣ್ಣೊರೆಸಿಕೊಳ್ಳುತ್ತಿದ್ದಾನೆ. ಹೆಂಡತಿ ಮಾತ್ರ ಸ್ನಾನ ಮುಗಿಸಿದವಳೇ ಹಿಂಬಾಗಿಲಿನಿಂದ ಕಳ್ಳಿಯ ಹಾಗೆ ಹೊರಗೆ ಜಾರುತ್ತಾಳೆ. "ಬಾಣಲೆ ಇಡಬೇಡಿ, ನಾನಿನ್ನೂ ಇಲ್ಲೇ ಇದ್ದೀನಿ!" ಎಂದು ಹಿತ್ತಲಿನಿಂದ ಕೂಗುತ್ತಾಳೆ. "ಒಲೆ ಕಂಡ್ರೆ ಓಡೋ ಸೊಸೆ ಬೇರೆ ಯಾರ ಮನೇಲಾದ್ರೂ ಇದ್ದಾಳಾ?" ಎಂದು ಅತ್ತೆ ಮಂಚದ ಮೇಲಿಂದಲೇ ಗೊಣಗುತ್ತಾರೆ. ಹಾಗೆ ಗೊಣಗುವ ಅತ್ತೆಯೇ ಸೊಸೆಯ ಆಸ್ಪತ್ರೆಯ ಬಟ್ಟೆಗೆ ಹೊಗೆ ತಾಕಬಾರದೆಂದು ಅದನ್ನು ತಮ್ಮ ಟ್ರಂಕಿನಲ್ಲಿ ಮುಚ್ಚಿಡುವವರು.

ಸುಟ್ಟಗಾಯದ ಕಲೆಗಳಿಗೆ ಲೇಸರ್ ಚಿಕಿತ್ಸೆ ಕೊಡುವ ಕೋಣೆಯಲ್ಲಿ ಈಕೆ ಸಹಾಯಕಿ. ಲೇಸರ್ ಹಿಡಿಯುವವರು ಡಾಕ್ಟರಮ್ಮ. ಈಕೆ ಹಿಡಿಯುವುದು ಹೊಗೆ ಹೀರುವ ಪೈಪು. ಅದಕ್ಕೇ ರೋಗಿಗಳ ಬಾಯಲ್ಲಿ ಈಕೆ ಹೊಗೆಯಕ್ಕ. ಆಸ್ಪತ್ರೆಯ ಹಾಜರಿಯಲ್ಲಿರುವ ಹೆಸರು ಕರೆದರೆ ತಿರುಗಿ ನೋಡುವುದಕ್ಕೂ ಒಂದು ಕ್ಷಣ ಬೇಕು.

ಕೋಣೆಗೆ ಬಂದವಳೇ ಕನ್ನಡಿಗೆ ಬಟ್ಟೆ ಹೊದಿಸುತ್ತಾಳೆ, ಮಿರುಗುವ ತಟ್ಟೆಗಳನ್ನು ಆಚೆ ಇಡುತ್ತಾಳೆ. ಲೇಸರ್ ಬೆಳಕು ಯಾವುದಕ್ಕಾದರೂ ಬಡಿದು ಚಿಮ್ಮಿದರೆ ಕಣ್ಣಿಗೆ ಅಪಾಯ. ಆಮೇಲೆ ಪೈಪಿನ ಬಾಯಿಗೆ ಒಂದು ಟಿಶ್ಯೂ ಕಾಗದ ಹಿಡಿಯುತ್ತಾಳೆ. ಕಾಗದ ಟಪ್ಪೆಂದು ಅಂಟಿಕೊಂಡರೆ ಮುಖದಲ್ಲಿ ನಗು. "ಇವನಿಗೆ ಹಸಿವು ಚೆನ್ನಾಗಿದೆ ಇವತ್ತು" ಎನ್ನುತ್ತಾಳೆ, ಯಂತ್ರದ ಬೆನ್ನು ತಟ್ಟಿ.

ಲೇಸರ್ ಗಡುಸಾದ ಕಲೆಯ ಮೇಲೆ ಸೂಜಿಮೊನೆಗಿಂತ ಸಣ್ಣ ತೂತುಗಳನ್ನು ಮಾಡುತ್ತದೆ. ವಾರಗಳು ಕಳೆದಂತೆ ಅಲ್ಲಿ ಹೊಸ ಚರ್ಮ ತುಂಬಿಕೊಂಡು ಬಿಗಿತ ಸಡಿಲುತ್ತದೆ. ಕಲೆ ಪೂರ್ತಿ ಮಾಯವಾಗುವುದಿಲ್ಲ. ಆದರೆ ಮಡಚದ ಬೆರಳು ಮಡಚುತ್ತದೆ, ತಿರುಗದ ಕತ್ತು ತಿರುಗುತ್ತದೆ. ಮರಗಟ್ಟಿಸುವ ಮುಲಾಮು ಹಚ್ಚಿರುವುದರಿಂದ ನೋವು ಅಷ್ಟಿಲ್ಲ. ಕಷ್ಟವಿರುವುದು ವಾಸನೆಯಲ್ಲಿ. ತೆಳ್ಳಗೆ ಏಳುವ ಹೊಗೆಗೆ ಕೂದಲು ಸುಟ್ಟಂಥ ವಾಸನೆ. ಒಮ್ಮೆ ಬೆಂಕಿಯಿಂದ ಪಾರಾಗಿ ಬಂದವರ ಮೂಗಿಗೆ ಅದು ತಾಕಿದರೆ ಎದೆ ಝಲ್ಲೆನ್ನುತ್ತದೆ. ಆದ್ದರಿಂದ ಲೇಸರ್ ಹೋದಲ್ಲೆಲ್ಲ ಪೈಪೂ ಬೆರಳಗಲ ಅಂತರದಲ್ಲಿ ನೆರಳಿನಂತೆ ಹೋಗಬೇಕು.

ಹೊಗೆಯಕ್ಕ ಈ ಪಾಠ ಕಲಿತದ್ದು ಒಂದು ಎಡವಟ್ಟಿನಿಂದ. ಅವತ್ತು ಮನೆಯಲ್ಲಿ ಅವಸರ. ಬಾಣಲೆಯಲ್ಲಿ ಈರುಳ್ಳಿ ಸೀದುಹೋಗಿತ್ತು. ಅದೇ ಬಟ್ಟೆಯಲ್ಲಿ ಬಂದು ಪೈಪು ಹಿಡಿದಳು. ಮಂಚದ ಮೇಲಿದ್ದವನು ಒಬ್ಬ ಕ್ಷೌರಿಕ. ಅಂಗಡಿಯಲ್ಲಿ ನೀರು ಕಾಯಿಸುವ ಸ್ಟೋವ್ ಸಿಡಿದು ಅವನ ಬಲಗೈ ಬೆಂದಿತ್ತು. ಹೆಬ್ಬೆರಳು ಅಂಗೈಗೆ ಸೆಳೆದುಕೊಂಡು ಕತ್ತರಿಯ ಬಳೆಯೊಳಗೆ ಹೋಗುತ್ತಿರಲಿಲ್ಲ. ಲೇಸರ್ ಇನ್ನೂ ಶುರುವೇ ಆಗಿಲ್ಲ, ಈಕೆ ಬಗ್ಗಿದ್ದೇ ತಡ, ಅವನು ಮಂಚದಿಂದ ಹಾರಿ ಲೇಸರಿಗೆಂದು ಕಟ್ಟಿದ ಕಣ್ಣಿನ ಪಟ್ಟಿಯನ್ನೂ ಬಿಚ್ಚದೆ ಗೋಡೆಗೆ ಡಿಕ್ಕಿ ಹೊಡೆದು ಓಡಿದ.

"ಪೈಪ್ ಹೊಗೆ ನುಂಗುತ್ತೆ, ನನ್ನ ಸೆರಗಿನ ವಾಸನೇನ ನುಂಗುತ್ತಾ?" ಎಂದು ಈಗ ನಗುತ್ತಾಳೆ. ಅಂದು ನಕ್ಕಿರಲಿಲ್ಲ. ಅವನು ತಿರುಗಿ ಬರದೇ ಹೋದಾಗ ಅವನ ಅಂಗಡಿಯನ್ನೇ ಹುಡುಕಿಕೊಂಡು ಹೋದಳು. ಬಾಗಿಲು ಅರ್ಧ ಮುಚ್ಚಿತ್ತು. ಕುರ್ಚಿಯ ಮೇಲೆ ಧೂಳು, ಒಳಗೆ ಅವನು. "ಇನ್ಮೇಲೆ ಹೊಗೆ ವಾಸನೆ ಹೊತ್ಕೊಂಡು ಬರಲ್ಲ. ಬಂದ್ರೆ ನನ್ನನ್ನೇ ಆಚೆ ಕಳ್ಸು, ನೀನು ಹೋಗ್ಬೇಡ" ಎಂದು ಮಾತು ಕೊಟ್ಟಳು. ಆ ಮಾತು ಉಳಿಸಿಕೊಳ್ಳಲೆಂದೇ ಲೇಸರ್ ಇರುವ ದಿನ ಈಕೆ ಒಲೆಯ ಹತ್ತಿರ ಸುಳಿಯುವುದಿಲ್ಲ. ಸೌಟು ಗಂಡನ ಕೈಗೆ ಹೋಗಿದೆ.

ಮರಳಿ ಬಂದು ಹಲವು ಸುತ್ತು ಲೇಸರ್ ಮುಗಿಸಿರುವ ಆ ಕ್ಷೌರಿಕನ ಸರದಿ ಇಂದು. ಅವನ ಬೆರಳಿಗೆ ಕತ್ತರಿ ತೆರೆದರೆ ಮಣಿಕಟ್ಟಿಗೊಂದು ಕೊನೆಯ ಸುತ್ತು ಲೇಸರ್, ಅಲ್ಲಿಗೆ ಮುಗಿಯಿತು. ತೆರೆಯದಿದ್ದರೆ ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಡುವುದಾಗಿ ಅವನು ಹೇಳಿಬಿಟ್ಟಿದ್ದಾನೆ. ಹೊಗೆಯಕ್ಕನಿಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಜೋಡಿಸಿದ ಹತ್ತಿಯನ್ನೇ ಮತ್ತೆ ಮತ್ತೆ ಜೋಡಿಸುತ್ತಾಳೆ. "ಕೂತ್ಕೊಳ್ರೀ, ನನಗೇ ತಲೆ ಸುತ್ತುತ್ತೆ" ಎಂದು ಡಾಕ್ಟರಮ್ಮ ಗದರುತ್ತಾರೆ. ಅವರ ಕಾಲೂ ಮೇಜಿನ ಕೆಳಗೆ ಕುಣಿಯುತ್ತಿದೆ.

ಕ್ಷೌರಿಕ ಬರುತ್ತಾನೆ. ಚೀಲದಿಂದ ತನ್ನ ಹಳೆಯ ಕತ್ತರಿ ತೆಗೆಯುತ್ತಾನೆ. ಹೆಬ್ಬೆರಳು ಬಳೆಯೊಳಗೆ ಹೋಗುತ್ತದೆ. ಆದರೆ ಕತ್ತರಿ ತೆರೆಯುವುದಿಲ್ಲ.

ಹೊಗೆಯಕ್ಕ ಪೈಪಿನ ಪರೀಕ್ಷೆಗೆ ಇಟ್ಟುಕೊಂಡಿದ್ದ ಟಿಶ್ಯೂ ಕಾಗದ ತೆಗೆದು ಅವನ ಮುಂದೆ ಹಿಡಿಯುತ್ತಾಳೆ. "ಕೈ ನೋಡ್ಬೇಡ. ಗಿರಾಕಿ ಕೂತಿದ್ದಾನೆ ಅಂದ್ಕೋ. ಕಿವಿ ಮೇಲೆ ಸ್ವಲ್ಪ ಸಣ್ಣ ಮಾಡು."

ಅವನು ಉಸಿರು ಬಿಡುತ್ತಾನೆ. ಕಚ್. ಕಾಗದದ ತುದಿ ನೆಲಕ್ಕೆ ಬೀಳುತ್ತದೆ. ಕಚ್, ಕಚ್, ಕಚ್! ಆಮೇಲೆ ಅವನನ್ನು ತಡೆಯುವವರೇ ಇಲ್ಲ. ಕಾಗದ ಮುಗಿದ ಮೇಲೆ ಬರಿ ಗಾಳಿಯನ್ನೇ ಕತ್ತರಿಸುತ್ತಾನೆ. ಡಾಕ್ಟರಮ್ಮ ಕುರ್ಚಿ ಬೀಳುವಂತೆ ಎದ್ದು ನಿಲ್ಲುತ್ತಾರೆ. ಹೊಗೆಯಕ್ಕ ಚಪ್ಪಾಳೆ ತಟ್ಟುತ್ತ ಅಳುತ್ತಾಳೆ, ಅಳುತ್ತಲೇ ನೆಲದ ಚೂರುಗಳನ್ನು ಆರಿಸುತ್ತಾಳೆ. "ಕೋಣೆ ಗಲೀಜು ಮಾಡಿದೆಯಲ್ಲೋ ಮಾರಾಯ!" ಎಂದು ಬೈಯುವ ದನಿಯಲ್ಲಿ ಸಂತೋಷ ಉಕ್ಕುತ್ತಿದೆ.

ಕೊನೆಯ ಸುತ್ತು ಬೇಗ ಮುಗಿಯುತ್ತದೆ. ಪೈಪು ಮಣಿಕಟ್ಟಿನ ಮೇಲೆ ಒಂದು ಎಳೆ ಹೊಗೆಯನ್ನೂ ತಪ್ಪಿಸಿಕೊಳ್ಳಲು ಬಿಡುವುದಿಲ್ಲ. ಪಟ್ಟಿ ಕಟ್ಟುತ್ತಿರುವಾಗ, ಅಕ್ಕನಿಗೇನಾದರೂ ಆಸೆ ಇದೆಯೇ ಎಂದು ಡಾಕ್ಟರಮ್ಮ ಕೇಳಿದರೆ ನಾಚಿಕೊಳ್ಳುತ್ತಾಳೆ. "ನಂಗೇನ್ರೀ ಆಸೆ? ನಾಳೆ ರಜಾ. ಗಂಡನ ಅಡುಗೆ ತಿಂದು ತಿಂದು ನಾಲಿಗೆ ಸತ್ತಿದೆ. ನಾಳೆ ನಾನೇ ಬಾಣಲೆ ಇಟ್ಟು ಈರುಳ್ಳಿ ಚೆನ್ನಾಗಿ ಕೆಂಪಗೆ ಹುರೀಬೇಕು. ಅಷ್ಟೇ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಾಳೆ. ಯಾರ ಮುಂದೆ ಯಾವ ಮಾತು ಆಡಿಬಿಟ್ಟೆ ಎಂದು ಮುಖ ಸಣ್ಣಗಾಗುತ್ತದೆ. ಕ್ಷೌರಿಕ ಪಟ್ಟಿ ಕಟ್ಟಿದ ಕೈಯನ್ನೇ ನೋಡುತ್ತಿದ್ದಾನೆ.

"ಅಕ್ಕ, ನಂಗೂ ಒಂದು ತಟ್ಟೆ ಇಡಿ" ಎನ್ನುತ್ತಾನೆ ಅವನು. "ಆದ್ರೆ ನಾನು ಬರೋವರೆಗೂ ಒಲೆ ಹಚ್ಚಬೇಡಿ. ಪಕ್ಕದಲ್ಲೇ ಕೂತ್ಕೋತೀನಿ."