ಅತ್ತೆಯ ಚೀನಾ ಕಡುಬು

ನನ್ನ ಸೋದರತ್ತೆ, ಅಂದರೆ ಅಪ್ಪನ ತಂಗಿ, ಗಂಡನನ್ನು ಕಳೆದುಕೊಂಡು ಕಲ್ಕತ್ತೆಯಿಂದ ತುಮಕೂರಿನ ನಮ್ಮ ಮನೆಗೆ ಬಂದದ್ದು ಎಂಬತ್ತರ ದಶಕದ ಮೊದಲಲ್ಲಿ. ನಾನಾಗ ಕಾಲೇಜಿನಲ್ಲಿದ್ದೆ. ಒಂದು ಟ್ರಂಕು, ಮುಚ್ಚಳವಿದ್ದ ಒಂದು ಬಿದಿರಿನ ಬುಟ್ಟಿ, ಇಷ್ಟೇ ಅವಳ ಸಾಮಾನು. ಅಜ್ಜಿ ಮಗಳ ಮುಖ ನೋಡುವ ಮೊದಲು ಬುಟ್ಟಿ ನೋಡಿದಳು.

"ಏನೇ ಅದು?"

"ಕಡುಬು ಬೇಯ್ಸೋದು ಕಣವ್ವ. ಅಲ್ಲಿ ನಮ್ಮ ಪಕ್ಕದ ಮನೇಲಿ ಚೀನಾದವ್ರಿದ್ರು. ಆಯಮ್ಮ ಕೊಟ್ಲು."

"ಹಾವು ಕಪ್ಪೆ ತಿನ್ನೋರ ಸಾಮಾನು ನನ್ ಒಲೆ ಮೇಲೆ ಇಟ್ಟೀಯ, ಹುಷಾರು!"

ಅಜ್ಜಿಯ ತಮ್ಮನ ಮಗ ಚೀನಾ ಯುದ್ಧದಲ್ಲಿ ಸತ್ತಿದ್ದ. ಆ ದೇಶದ ಹೆಸರನ್ನೇ ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಒಂದು ಭಾನುವಾರ ಅಜ್ಜಿ ಗುಬ್ಬಿಯ ನೆಂಟರ ಮನೆಗೆಂದು ಹೊರಟಳು. ಅತ್ತೆ ಮೈದಾ ಕಲಸಿ ಪುಟ್ಟ ಪೂರಿಗಳಂತೆ ಲಟ್ಟಿಸಿದಳು. ಕೋಸು, ಶುಂಠಿ, ಈರುಳ್ಳಿ ಸೊಪ್ಪು ಹೆಚ್ಚಿ ತುಂಬಿ, ಅಂಚನ್ನು ಸೀರೆ ನೆರಿಗೆಯ ಹಾಗೆ ಹಿಡಿದು ಮುಚ್ಚಿ ಆವಿಗಿಟ್ಟಳು. ನಾನು ಮೊದಲನೆಯದನ್ನು ಬಾಯಿಗಿಡುವಷ್ಟರಲ್ಲಿ ಅಜ್ಜಿ ವಾಪಸು ಬಂದಳು. ಬಸ್ಸು ಸಿಕ್ಕಿರಲಿಲ್ಲ. ಬುಟ್ಟಿ ಎತ್ತಿಕೊಂಡು ಹೋಗಿ, ಒಳಗಿದ್ದದ್ದನ್ನೆಲ್ಲ ಹಿತ್ತಲಿನ ಚರಂಡಿಗೆ ಸುರಿದಳು.

"ನಮ್ ಹುಡುಗನ್ನ ಕೊಂದೋರ ಕೂಳು ನನ್ ಮನೇಲಿ ಬೇಯಿಸ್ತೀಯೇನೇ?"

ಅತ್ತೆ ದನಿ ಏರಿಸಲಿಲ್ಲ. "ಅದೇ ಯುದ್ಧದಲ್ಲಿ ಆಯಮ್ಮನ ಗಂಡನ್ನ ಪೊಲೀಸ್ನೋರು ಎಳ್ಕೊಂಡೋಗಿ ಕೂಡಿಹಾಕಿದ್ರು. ಕಲ್ಕತ್ತೇಲೇ ಹುಟ್ಟಿದೋನು, ಅವ್ನೇನ್ ಮಾಡಿದ್ದ? ನನ್ ಗಂಡ ಆಸ್ಪತ್ರೇಲಿ ಸಾಯ್ತಾ ಬಿದ್ದಿದ್ದಾಗ ದಿನಾ ನಂಗೆ ಊಟ ತಂದವಳು ಆಯಮ್ಮ. ನೀನೆಲ್ಲಿದ್ದೆ ಅವ್ವ?"

"ಗಂಡನ್ನ ನುಂಗ್ಕೊಂಡು ಬಂದೋಳಿಗೆ ಬಾಯಿ ಬೇರೆ ಕೇಡು."

ಅಪ್ಪ ಜಗಲಿಯಲ್ಲೇ ಕೂತು ಎಲ್ಲ ಕೇಳಿಸಿಕೊಂಡ. ಸಂಜೆ ತಂಗಿಯನ್ನು ಕರೆದು, "ಬೇರೆ ಎಲ್ಲಾದ್ರೂ ರೂಮ್ ನೋಡ್ಕೊಮ್ಮ, ದಿನಾ ಈ ರಂಪ ಬೇಡ," ಎಂದ. ಅತ್ತೆ ಅವನನ್ನು ದಿಟ್ಟಿಸಿ ನೋಡಿದಳೇ ಹೊರತು ಬೇಡಿಕೊಳ್ಳಲಿಲ್ಲ. ಕುಣಿಗಲ್‌ನಲ್ಲಿ ಹೊಲಿಗೆ ಕಲಿಸುವ ಕೆಲಸ ಹುಡುಕಿಕೊಂಡು ಹೊರಟೇಹೋದಳು. ಅವಳು ಹೊರಡುವಾಗ ಅಜ್ಜಿ ಅಡುಗೆಮನೆಯಿಂದ ಆಚೆ ಬರಲಿಲ್ಲ.

ಕೆಲವು ವರ್ಷಗಳಾದ ಮೇಲೆ ಅಪ್ಪ ನನ್ನನ್ನು ಕರೆದುಕೊಂಡು ಕುಣಿಗಲ್‌ಗೆ ಹೋದ. ಅಜ್ಜಿ ಆಗ ಹಾಸಿಗೆ ಹಿಡಿದಿದ್ದಳು. ಒಂದು ಸಲ ಬಂದು ನೋಡು ಎಂದು ತಂಗಿಗೆ ಹೇಳುವುದಿತ್ತು. ಅತ್ತೆಯ ರೂಮಿನ ತುಂಬ ಶುಂಠಿಯ ಘಮ. ಸಹೋದ್ಯೋಗಿ ಹೆಂಗಸರಿಬ್ಬರು ಊಟ ಮುಗಿಸಿ ಹೊರಡುತ್ತಿದ್ದರು.

ಅಪ್ಪ ಹೇಳಿದ್ದನ್ನೆಲ್ಲ ಕೇಳಿ ಅತ್ತೆ, "ಬರಲ್ಲ," ಎಂದಳು. ಎರಡು ತಟ್ಟೆ ತಂದಳು. ನನ್ನದರಲ್ಲಿ ಬಿಸಿ ಕಡುಬು, ಅಪ್ಪನದರಲ್ಲಿ ಮುದ್ದೆ, ಸೊಪ್ಪಿನ ಸಾರು.

"ನಂಗೂ ಎರಡು ಹಾಕಮ್ಮ," ಎಂದ ಅಪ್ಪ.

"ನೀನು ಅವ್ವನ ಮಗ ಕಣಣ್ಣ. ಮುದ್ದೆ ತಿನ್ನು."

ಅಪ್ಪ ತಲೆ ತಗ್ಗಿಸಿ ಮುದ್ದೆ ಮುರಿದ. ನಾನು ಅವನೆದುರಿಗೇ ಕೂತು ತಟ್ಟೆಯಲ್ಲಿ ಒಂದೂ ಬಿಡದೆ ತಿಂದೆ.