ನಂಬರಕ್ಕನ ಎಡದವಡೆ

ನಂಬರಕ್ಕ ನಕ್ಕರೆ ಬಾಯಿ ಬಲಗಡೆಗೆ ಮಾತ್ರ ತೆರೆದುಕೊಳ್ಳುತ್ತದೆ. ಎಡದವಡೆ ಎರಡು ಕಡೆ ಮುರಿದು, ಸರಿಯಾಗಿ ಕೂಡದೆ, ಸೊಟ್ಟಗೇ ಗಟ್ಟಿಯಾಗಿದೆ. ಹೊಸ ಗಿರಾಕಿಗಳು ಗಂಡ ಹೊಡೆದಿರಬೇಕೆಂದು ಲೊಚಗುಟ್ಟುತ್ತಾರೆ. ಅವಳಿಗೆ ಗಂಡನೇ ಇಲ್ಲ. "ಮದುವೆ ಇಲ್ದೇನೇ ಇಷ್ಟು ಸಿಕ್ಕಿದೆ, ಆಗಿದ್ರೆ ಇನ್ನೆಷ್ಟು ಸಿಕ್ತಿತ್ತೋ" ಎಂದು ಅವಳೇ ನಗೆಯಾಡುತ್ತಾಳೆ. ಅವಳ ಎಲೆಕ್ಟ್ರಿಕ್ ಅಂಗಡಿಗೆ ಒತ್ತಿಕೊಂಡಂತೆ ನನ್ನ ಬೀಗ ರಿಪೇರಿ ಅಂಗಡಿ. ನಡುವೆ ಬರೀ ಹಲಗೆಯ ಗೋಡೆ. ದವಡೆಯ ಕತೆ ನನಗೆ ಗೊತ್ತಾದದ್ದು ಸ್ವಲ್ಪ ಆ ಹಲಗೆಯ ಸಂದಿಯಿಂದ, ಉಳಿದದ್ದು ಅವಳ ಬಾಯಿಂದಲೇ.

ಅವಳ ಅಪ್ಪ ಮೋಟಾರ್ ವೈಂಡಿಂಗ್ ಮಾಡುತ್ತಿದ್ದವರು. ಹನ್ನೆರಡನೇ ವಯಸ್ಸಿಗೇ ಅವಳಿಗೆ ತಾಮ್ರದ ತಂತಿಯ ವಾಸನೆ ಮೈಗೆ ಹತ್ತಿತ್ತು. ಮೂವತ್ತಕ್ಕೆ ಸ್ವಂತ ಅಂಗಡಿ. ಕೆಲಸ ಬಲು ಚುರುಕು, ಬಾಯಿ ಅದಕ್ಕಿಂತ ಚುರುಕು. ಪ್ರಶ್ನೆ ಕೇಳಿ ಹೊತ್ತು ಕಳೆಯುವುದೆಂದರೆ ಮಾತ್ರ ಆಗುತ್ತಿರಲಿಲ್ಲ. "ನೀವು ಪಕ್ಕಕ್ಕೆ ಸರೀರಿ, ಅರ್ಧ ಗಂಟೇಲಿ ಮುಗ್ಸಿ ಹೋಗ್ತೀನಿ" ಅನ್ನುವ ಜಾತಿ.

ಆಗ ಹೊಸದಾಗಿ ಬಂದಿದ್ದವು, ಸಾಕೆಟ್ಟಿಗೆ ಸಿಕ್ಕಿಸುವ ಪುಟ್ಟ ಪೆಟ್ಟಿಗೆಗಳು. ದೀಪವನ್ನೋ ಪಂಪನ್ನೋ ಅದಕ್ಕೆ ಜೋಡಿಸಿದರೆ ಮಂಚದ ಮೇಲೆ ಕೂತೇ ಗುಂಡಿ ಒತ್ತಿ ನಡೆಸಬಹುದು. ಆಜ್ಞೆ ಹೋಗುವುದು ಕರೆಂಟಿನ ತಂತಿಯಲ್ಲೇ. ಯಾವ ಗುಂಡಿ ಯಾವ ಪೆಟ್ಟಿಗೆಗೆ ಎಂದು ತಿಳಿಯಲು ಪ್ರತಿಯೊಂದಕ್ಕೂ ವಿಳಾಸ ಬೇಕು. ಅದಕ್ಕಾಗಿ ಪೆಟ್ಟಿಗೆಯ ಮುಖದ ಮೇಲೆ ಎರಡು ಸಣ್ಣ ಚಕ್ರ. ಒಂದರಲ್ಲಿ ಅಕ್ಷರಗಳು, ಇನ್ನೊಂದರಲ್ಲಿ ಅಂಕಿಗಳು. ಸ್ಕ್ರೂಡ್ರೈವರಿನಿಂದ ತಿರುಗಿಸಿದರೆ ಆಯಿತು. ಕಾರ್ಖಾನೆಯಿಂದ ಬರುವಾಗ ಎಲ್ಲದರ ಮೇಲೂ ಎ-ಒಂದು ಎಂದೇ ಇರುತ್ತದೆ. ಒಂದೇ ಲೈನಿನ ಮೇಲೆ ಎ-ಒಂದು ಎರಡಿದ್ದರೆ, ಒಂದನ್ನು ಕರೆದಾಗ ಎರಡೂ ಓಗೊಡುತ್ತವೆ.

ಮರ ಕೊಯ್ಯುವ ಮಿಲ್ಲಿನ ಯಜಮಾನ ಅವಳನ್ನು ಮನೆಗೆ ಕರೆಸಿದ. ಮನೆ, ಮಿಲ್ಲು ಒಂದೇ ಕಾಂಪೌಂಡಿನಲ್ಲಿ, ಒಂದೇ ಲೈನಿನ ಮೇಲೆ. ಮಲಗುವ ಕೋಣೆಯ ದೀಪ, ಜಗಲಿಯ ದೀಪ, ನೀರಿನ ಪಂಪು, ಈ ಮೂರಕ್ಕೆ ಪೆಟ್ಟಿಗೆ ಹಾಕಬೇಕಿತ್ತು. ಮೊದಲನೆಯದನ್ನು ಬಂದ ಹಾಗೇ ಎ-ಒಂದರಲ್ಲಿ ಬಿಟ್ಟಳು, ಉಳಿದವಕ್ಕೆ ಎರಡು, ಮೂರು. ಈ ಕಾಂಪೌಂಡಿನಲ್ಲಿ ಇಂಥದ್ದು ಇನ್ನೆಲ್ಲಾದರೂ ಇದೆಯೇ ಎಂದು ಅವಳು ಕೇಳಲಿಲ್ಲ. ಇದೆ ಎಂದು ಯಜಮಾನ ಹೇಳಲೂ ಇಲ್ಲ.

ಇತ್ತು. ಆಫೀಸಿನ ಕುರ್ಚಿಯಿಂದಲೇ ದೊಡ್ಡ ಗರಗಸವನ್ನು ಚಾಲೂ ಮಾಡಲೆಂದು ಅವನೇ ಒಂದು ಪೆಟ್ಟಿಗೆ ತಂದು ಮೋಟಾರಿನ ಸ್ಟಾರ್ಟರಿಗೆ ಸಿಕ್ಕಿಸಿದ್ದ. ಚಕ್ರಗಳನ್ನು ಮುಟ್ಟಿರಲಿಲ್ಲ. ರಾತ್ರಿ ಮಿಲ್ಲಿನ ಮೇನ್ ಇಳಿಸಿರುತ್ತಿದ್ದರಿಂದ, ಆಗ ಕೋಣೆಯ ದೀಪ ಹಾಕಿದರೂ ಗರಗಸ ಅಲುಗುತ್ತಿರಲಿಲ್ಲ.

ಎರಡು ದಿನಕ್ಕೇ ಯಜಮಾನನ ಹೆಂಡತಿ ಫೋನ್ ಮಾಡಿದಳು. "ಬೆಳಿಗ್ಗೆ ಎಂಟಕ್ಕೆ ರೂಮಿನ ದೀಪ ತಾನಾಗೇ ಹತ್ತುತ್ತಮ್ಮ. ಒಂದು ಗಂಟೆಗೆ ತಾನಾಗೇ ಆರುತ್ತೆ. ದೆವ್ವ ಗಿವ್ವ ಕೂಡ್ಸಿ ಹೋಗಿದ್ದೀಯಾ?"

"ದೆವ್ವಕ್ಕೆ ಟೈಮ್ ಸೆನ್ಸ್ ಇದ್ಯಲ್ಲಾ, ಒಳ್ಳೇದೇ" ಎಂದು ನಕ್ಕಳು ಇವಳು. "ನಾಳಿದ್ದು ಬಂದು ನೋಡ್ತೀನಕ್ಕಾ."

ಎಂಟಕ್ಕೆ ಗರಗಸ ಚಾಲೂ, ಒಂದಕ್ಕೆ ಊಟಕ್ಕೆ ಬಂದ್. ಇಷ್ಟು ಹೊಳೆಯಲು ಒಂದು ನಿಮಿಷ ಸಾಕಿತ್ತು. ಆ ನಿಮಿಷ ಅವಳು ಯೋಚಿಸಲಿಲ್ಲ.

ಅದರ ಮರುದಿನ ಮಧ್ಯಾಹ್ನ ನಾಲ್ಕಕ್ಕೆ ಗರಗಸದ ಹಲ್ಲಿಗೆ ಮರದ ಅಂಟು ಮೆತ್ತಿತು. ಗರಗಸದಾಳು ಕೂಗಿ ಹೇಳಿದ, ಯಜಮಾನ ಆಫೀಸಿನಿಂದ ಗುಂಡಿ ಒತ್ತಿ ನಿಲ್ಲಿಸಿದ. ಮೇನ್ ಸ್ವಿಚ್ ಇಳಿಸಿ ಕೆಲಸ ಮಾಡಬೇಕು. ಆದರೆ ಇಳಿಸಿದರೆ ಆಫೀಸಿನ ಫ್ಯಾನೂ ನಿಲ್ಲುತ್ತದೆಂದು ಯಜಮಾನ ಹಿಂದೆ ಎರಡು ಸಲ ಬೈದಿದ್ದ. ಆಳು ಬಲಗೈಯಲ್ಲಿ ಚೂರಿ ಹಿಡಿದು ಅಂಟು ಕೆರೆಯತೊಡಗಿದ. ಅತ್ತ ಮನೆಯಲ್ಲಿ ಯಜಮಾನನ ಹೆಂಡತಿ ಬಟ್ಟೆ ಬದಲಿಸಲು ಪರದೆ ಎಳೆದಳು. ಕೋಣೆ ಕತ್ತಲಾಯಿತು. ದೀಪದ ಗುಂಡಿ ಒತ್ತಿದಳು.

ಗರಗಸ ಗುಡುಗಿತು. ಬಲಗೈ ಮಣಿಕಟ್ಟಿನ ಮೇಲಕ್ಕೆ ಕತ್ತರಿಸಿಹೋಯಿತು. ಹೋದದ್ದು ಅವನಿಗೂ ಮೊದಲು ಗೊತ್ತಾಗಲಿಲ್ಲವಂತೆ; ಎದುರಿನ ದಿಮ್ಮಿಯ ಮೇಲೆ ಯಾರೋ ಕೆಂಪು ಬಣ್ಣ ಎರಚಿದರು ಅಂದುಕೊಂಡನಂತೆ. ಹಲಗೆ ಜೋಡಿಸುತ್ತಿದ್ದ ಅವನ ಅಕ್ಕ ಓಡಿಬಂದು ಸೆರಗು ಹರಿದು ತೋಳಿಗೆ ಬಿಗಿದಳು. ಗರಗಸ ಸುತ್ತುತ್ತಲೇ ಇತ್ತು. ಮೇನ್ ಇಳಿಸಿದ್ದು ಕೊನೆಗೆ ಲೋಡಿಂಗಿನ ಮುದುಕ.

ಮರುದಿನ ನಂಬರಕ್ಕ ಹೇಳಿದ ಮಾತಿನಂತೆ ದೀಪ ನೋಡಲು ಹೋದಳು. ಗೇಟಿನೊಳಗೆ ಕೆಲಸದವರು ಗುಂಪುಗಟ್ಟಿದ್ದರು. ಇಬ್ಬರು ಪೊಲೀಸರು ಕುರ್ಚಿಯಲ್ಲಿ ಕೂತು ಬರೆದುಕೊಳ್ಳುತ್ತಿದ್ದರು. ಗರಗಸದ ಕೆಳಗೆ ರಕ್ತದ ಮೇಲೆ ಮರದ ಹೊಟ್ಟು ಸುರಿದಿದ್ದರು. ಅಂಚಿನಲ್ಲಿ ಅದು ಕಪ್ಪಗೆ ಹೆಪ್ಪುಗಟ್ಟಿತ್ತು.

"ಕುಡ್ದು ಬಂದಿದ್ದ ಸಾರ್" ಎನ್ನುತ್ತಿದ್ದ ಯಜಮಾನ. "ತಾನೇ ಸ್ಟಾರ್ಟ್ ಮಾಡ್ಕೊಂಡು ಕೈ ಕೊಟ್ಟ."

"ನನ್ ತಮ್ಮ ಮೂಸಿ ಕೂಡ ನೋಡಿಲ್ಲ!" ಎಂದು ಅಕ್ಕ ಚೀರಿದಳು. "ತಾನಾಗೇ ತಿರುಗ್ತು ಅಂತ ಹೇಳ್ತಿದ್ದಾನೆ ಆಸ್ಪತ್ರೇಲಿ. ತಾನಾಗೇ!"

ನಂಬರಕ್ಕನ ಕಣ್ಣು ಸ್ಟಾರ್ಟರಿನತ್ತ ಹೋಯಿತು. ಅಲ್ಲಿ ಬಿಳಿಯ ಪೆಟ್ಟಿಗೆ. ಹತ್ತಿರ ಹೋಗಿ ಚಕ್ರಗಳನ್ನು ನೋಡಿದಳು: ಎ-ಒಂದು. ಎಂಟು ಗಂಟೆ, ಒಂದು ಗಂಟೆ, ದೆವ್ವ, ಎಲ್ಲ ಒಟ್ಟಿಗೆ ಬಂದು ಎದೆಗೆ ಗುದ್ದಿದವು. ನನ್ನ ಹತ್ತಿರ ಹೇಳಿದಳು, "ಸುಮ್ನೆ ಗೇಟು ದಾಟಿ ಹೋಗ್ಬಿಡೋಣ ಅಂತ್ಲೂ ಅನ್ನಿಸ್ತು. ಸುಳ್ಳು ಹೇಳಲ್ಲ."

ಹೋಗಲಿಲ್ಲ. "ಎಲ್ರೂ ಹಿಂದಕ್ಕೆ ಹೋಗಿ" ಎಂದಳು. ಮೇನ್ ಏರಿಸಿದಳು. ಗರಗಸ ಅಲುಗದೆ ನಿಂತಿತ್ತು. ಬಾಗಿಲಲ್ಲಿದ್ದ ಯಜಮಾನನ ಹೆಂಡತಿಯತ್ತ ತಿರುಗಿದಳು. "ಅಕ್ಕಾ, ಒಳಗ್ಹೋಗಿ ರೂಮಿನ ದೀಪ ಹಾಕಿ."

"ಯಾಕೆ?"

"ಹಾಕಿ ಅಕ್ಕಾ."

ಯಜಮಾನ ಕುರ್ಚಿಯಿಂದೆದ್ದ. "ಹೋಗ್ಬೇಡ ಕಣೇ!" ಎಂದ. ಆದರೆ ಅವಳು ಆಗಲೇ ಒಳಗಿದ್ದಳು. ನಾಲ್ಕು ಉಸಿರು ಕಳೆಯಿತು. ಆಮೇಲೆ ಯಾರೂ ಮುಟ್ಟದೆ ಗರಗಸ ತಿರುಗಿತು, ಅಂಟಿದ್ದ ಹೊಟ್ಟು ಸಿಡಿದು ಪೊಲೀಸರ ಕಾಗದದ ಮೇಲೆ ಬಿತ್ತು.

ಯಜಮಾನ ಸುತ್ತಿಗೆ ಹಿಡಿದು ಪೆಟ್ಟಿಗೆಯತ್ತ ನುಗ್ಗಿದ. ಪುಡಿ ಮಾಡಿದರೆ ಸಾಕ್ಷಿಯೇ ಇಲ್ಲ ಎಂಬುದು ಅವನ ಲೆಕ್ಕ. ನಂಬರಕ್ಕ ಮೇನ್ ಇಳಿಸಿ, ಪೆಟ್ಟಿಗೆ ಕಿತ್ತು ಹೊಟ್ಟೆಗೆ ಅವುಚಿಕೊಂಡು ಮುದುರಿದಳು. ಮೊದಲ ಏಟು ಹೆಗಲಿಗೆ, ಎರಡನೆಯದು ಬೆನ್ನಿಗೆ. "ಬಿಡೇ ಅದನ್ನ!" ಎನ್ನುತ್ತ ಬೂಟಿನಿಂದ ಬೆರಳು ತುಳಿದ. ಎರಡು ಉಗುರು ಹಾರಿದವು. ಬಿಡಲಿಲ್ಲ. ಪೊಲೀಸರು ಅವನನ್ನು ಹಿಡಿದೆಳೆಯುವಷ್ಟರಲ್ಲಿ ಕೆಲಸದವರೂ ಮುಗಿಬಿದ್ದಿದ್ದರು. ದಿಮ್ಮಿಯ ರಾಶಿಗೆ ಅವನನ್ನು ಎತ್ತಿ ಎಸೆದರು. ಮೂರು ಪಕ್ಕೆಲುಬು ಮುರಿದ ಸದ್ದು ಗೇಟಿನ ತನಕ ಕೇಳಿಸಿತಂತೆ.

ಗರಗಸದಾಳಿನ ಅಕ್ಕ ಮಾತ್ರ ಆ ಗುಂಪಿಗೆ ಸೇರಲಿಲ್ಲ. ನಂಬರಕ್ಕನ ಮುಂದೆ ಬಂದು ನಿಂತಳು. "ಆ ರೂಮಿನ ದೀಪಕ್ಕೆ ಪೆಟ್ಟಿಗೆ ಹಾಕಿದ್ದು ಯಾರು?"

"ನಾನೇ."

"ದೀಪ ಹಾಕಿದ್ರೆ ಗರಗಸ ಯಾಕೆ ತಿರುಗ್ತು?"

"ಎರಡಕ್ಕೂ ಒಂದೇ ನಂಬರ್. ಬೇರೆ ಎಲ್ಲಾದ್ರೂ ಇದ್ಯಾ ಅಂತ ಕೇಳ್ಬೇಕಿತ್ತು. ಕೇಳ್ಲಿಲ್ಲ."

ಅಕ್ಕನ ಕೈಯಲ್ಲಿ ಮರದ ರೀಪಿನ ತುಂಡಿತ್ತು, ಮೂರಡಿ ಉದ್ದದ್ದು. ಬೀಸಿ ಹೊಡೆದಳು. ದವಡೆ ಮುರಿದದ್ದು ಆ ಒಂದೇ ಏಟಿಗೆ. ಹಲ್ಲೆರಡು ಹೊಟ್ಟಿನ ಮೇಲೆ ಬಿದ್ದವು. ಪೊಲೀಸರು ಅಕ್ಕನನ್ನು ಹಿಡಿದುಕೊಂಡರು. ನೆಲದ ಮೇಲಿದ್ದ ನಂಬರಕ್ಕ ಕೈ ಆಡಿಸಿ ಬೇಡ ಎಂದಳು, ಪೆಟ್ಟಿಗೆಯನ್ನು ಪೊಲೀಸನ ಬೂಟಿನ ಬಳಿಗೆ ದೂಡಿದಳು.

ದವಡೆಗೆ ತಂತಿ ಬಿಗಿದರು. ಆರು ವಾರ ನಳಿಕೆಯಲ್ಲಿ ಗಂಜಿ. ಅದೇ ಆಸ್ಪತ್ರೆಯ ಮೇಲಂತಸ್ತಿನಲ್ಲಿ ಗರಗಸದಾಳು ಇದ್ದ. ಬಾಯಿ ಬಿಡಲಾಗದ್ದರಿಂದ ಅವಳು ಚೀಟಿ ಬರೆದುಕೊಂಡು ಹೋದಳು: ತಪ್ಪು ನನ್ನದೂ ಇದೆ. ಅವನು ಓದಿ, ಎಡಗೈಯಲ್ಲಿ ಸ್ಟೀಲ್ ಲೋಟ ತೆಗೆದು ಎಸೆದ. ಅಭ್ಯಾಸವಿಲ್ಲದ ಕೈ, ಲೋಟ ಗೋಡೆಗೆ ಬಡಿಯಿತು. ಎರಡನೆಯ ಸಲ ಹೋದಾಗ ಹಣೆಗೇ ತಗುಲಿತು. "ಗುರಿ ಸುಧಾರಿಸಿತ್ತು" ಎನ್ನುತ್ತಾಳೆ. ಮೂರನೆಯ ಸಲ ನರ್ಸು ಬಾಗಿಲಲ್ಲೇ ತಡೆದಳು.

ಎರಡು ವರ್ಷ ಕೇಸು ನಡೆಯಿತು. ಯಜಮಾನನ ವಕೀಲ ಎಲ್ಲವನ್ನೂ ಇವಳ ತಲೆಗೆ ಕಟ್ಟಲು ನೋಡಿದ. "ಗರಗಸದ ಪೆಟ್ಟಿಗೆ ನಾನು ಹಾಕಿದ್ದಲ್ಲ, ಆದ್ರೆ ದೀಪದ್ದು ನಂದೇ. ಬೇರೆ ಅಕ್ಷರ ಹಾಕಿದ್ರೆ ಆ ಕೈ ಇರ್ತಿತ್ತು" ಎಂದು ಇವಳು ಕಟಕಟೆಯಲ್ಲಿ ತಾನಾಗಿ ಹೇಳಿದಳು. ಯಜಮಾನನ ಹೆಂಡತಿಯೂ ಗಂಡನ ವಿರುದ್ಧವೇ ಸಾಕ್ಷಿ ನುಡಿದಳು; ಫೋನ್ ಮಾಡಿದ್ದನ್ನೂ ಮುಚ್ಚಿಡಲಿಲ್ಲ. ಯಜಮಾನನಿಗೆ ಜೈಲಾಯಿತು. ಇವಳ ಲೈಸೆನ್ಸು ಒಂದು ವರ್ಷ ರದ್ದಾಯಿತು. ಆ ವರ್ಷವೆಲ್ಲ ನನ್ನ ಅಂಗಡಿಯಲ್ಲಿ ಕೂತು ಕೀ ಉಜ್ಜಿದಳು.

ನಂಬರಕ್ಕ ಎಂಬ ಹೆಸರು ಬಂದದ್ದು ಆಮೇಲೆ. ಈಗ ಪೆಟ್ಟಿಗೆ ಹಾಕುವ ಮೊದಲು ಆ ಲೈನಿನ ಮೇಲಿರುವ ಮನೆಗಳಿಗೆಲ್ಲ ಹೋಗಿ ಕೇಳುತ್ತಾಳೆ, ನಿಮ್ಮದು ಯಾವ ಅಕ್ಷರ, ಯಾವ ನಂಬರ್ ಎಂದು. ಎ-ಒಂದನ್ನು ಯಾರಿಗೂ ಕೊಡುವುದಿಲ್ಲ. ನಾಳೆ ಯಾರಾದರೂ ಹೊಸದನ್ನು ತಂದು ಹಾಗೇ ಸಿಕ್ಕಿಸಿದರೆ ಅದಕ್ಕೆ ಜಾಗ ಖಾಲಿ ಇರಬೇಕು ಎನ್ನುತ್ತಾಳೆ. ವಿಳಾಸಗಳನ್ನೆಲ್ಲ ಫ್ಯೂಸ್ ಡಬ್ಬಿಯ ಒಳಬಾಗಿಲಿಗೆ ಬರೆದು ಅಂಟಿಸುತ್ತಾಳೆ. ಕೊಯ್ಯುವುದು, ಸುತ್ತುವುದು, ಕಾದು ಬಿಸಿಯಾಗುವುದು ಯಾವುದಕ್ಕೂ ಈ ಪೆಟ್ಟಿಗೆ ಹಾಕುವುದಿಲ್ಲ. ಬೇಕೇ ಬೇಕು ಎಂದು ಹಟ ಹಿಡಿದ ಒಬ್ಬ ಹಿಟ್ಟಿನ ಗಿರಣಿಯವನು ಅವಳ ಕುತ್ತಿಗೆಪಟ್ಟಿ ಹಿಡಿದಿದ್ದ. ಇವಳು ಸ್ಕ್ರೂಡ್ರೈವರನ್ನು ಅವನ ಗಲ್ಲದ ಕೆಳಗಿಟ್ಟು, "ಇನ್ನೊಂದು ದವಡೆ ಉಳ್ದಿದೆ ಕಣಪ್ಪಾ, ಅದೂ ಹೋಗ್ಲಿ, ಹಾಕಲ್ಲ" ಎಂದದ್ದನ್ನು ನಾನು ಹಲಗೆಯ ಸಂದಿಯಿಂದ ನೋಡಿದ್ದೇನೆ.

ಹೋದ ವರ್ಷ ಅಂಗಡಿಗೆ ಅಕ್ಕ ಬಂದಳು. ಅದೇ ರೀಪಿನವಳು. ಬಾಗಿಲಲ್ಲೇ ನಿಂತಳು.

"ತಮ್ಮ ಒಬ್ನೇ ಇರ್ತಾನೆ. ಒಂದ್ಕೈಲಿ ಎಲ್ಲಾ ಸ್ವಿಚ್ಚಿಗೂ ಎದ್ದು ಹೋಗೋದು ಕಷ್ಟ ಆಗಿದೆ, ಮೊಣಕಾಲೂ ಕೆಟ್ಟಿದೆ. ನೀನು ಹಾಕ್ಕೊಡ್ತೀಯಾ?"

"ಅವ್ರು ಒಪ್ಪಿದ್ರಾ?"

"ಒಪ್ಲಿಲ್ಲ. ಬೈದ. ಆದ್ರೆ ಬೇರೆ ಯಾರನ್ನೂ ಕರೀಬೇಡ ಅಂದ."

ಇಬ್ಬರೂ ಸೇರಿ ಆ ಬೀದಿಯ ಹನ್ನೊಂದು ಮನೆ ಸುತ್ತಿದರು. ಒಂದು ಮನೆಯವನು ಕಳ್ಳಿಯರೆಂದು ನಾಯಿ ಬಿಟ್ಟ; ಅಕ್ಕನ ಮೀನಖಂಡಕ್ಕೆ ಹಲ್ಲು ನಾಟಿತು, ನಂಬರಕ್ಕ ಟೂಲ್ ಚೀಲದಿಂದ ನಾಯಿಯನ್ನು ಬಡಿದು ಓಡಿಸಿದಳು. ರಕ್ತ ಒರೆಸಿಕೊಂಡೇ ಉಳಿದ ಮನೆಗಳಿಗೆ ಹೋದರು. ಯಾರೂ ಬಳಸದ ಅಕ್ಷರ ಕೆ ಎಂದು ಗೊತ್ತಾದ ಮೇಲೆ ಚಕ್ರ ತಿರುಗಿಸಿದಳು.

ಗರಗಸದಾಳು ಕುರ್ಚಿಯಲ್ಲಿ ಬೆನ್ನು ತಿರುಗಿಸಿ ಕೂತಿದ್ದ. ಅಕ್ಕ ಗುಂಡಿಯನ್ನು ಅವನ ಎಡಗೈಗೆ ಕೊಟ್ಟಳು. ಅವನು ಒತ್ತಲಿಲ್ಲ. "ಬೀದೀಲಿ ಎಲ್ರಿಗೂ ಹೇಳಿದ್ದೀಯಾ?" ಎಂದ, ಗೋಡೆಯನ್ನೇ ನೋಡುತ್ತ. ಅಷ್ಟು ವರ್ಷಗಳಲ್ಲಿ ಅವಳೊಡನೆ ಆಡಿದ ಮೊದಲ ಮಾತು.

"ಹನ್ನೊಂದು ಮನೇಗೂ ಹೇಳಿದೀನಿ."

ಒತ್ತಿದ. ದೀಪ ಹತ್ತಿತು. ಅವನ ಭುಜ ಎರಡೂ ಮೇಲೇರಿ, ತುಸು ಹೊತ್ತಿನ ಮೇಲೆ ಇಳಿದವು. ಫ್ಯಾನಿಗೂ ಒಂದು ಹಾಕು ಎಂದ. ಸುತ್ತುವುದಕ್ಕೆ ಹಾಕುವುದಿಲ್ಲ ಎಂದಳು ಅವಳು. ಅವನು ತಿರುಗಿ ಅಂದು ಮೊದಲ ಸಲ ಅವಳ ಮುಖ ನೋಡಿದ, ಸೊಟ್ಟ ದವಡೆಯನ್ನು ನೋಡಿದ. "ಸರಿ ಬಿಡು" ಎಂದು ಅಕ್ಕನ ಕಾಲಿನತ್ತ ಕೈ ತೋರಿಸಿ, "ಮೊದ್ಲು ಇವಳನ್ನ ಇಂಜೆಕ್ಷನ್‌ಗೆ ಕರ್ಕೊಂಡ್ಹೋಗು" ಎಂದ.

ನಂಬರಕ್ಕ ಅಕ್ಕನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಹೋದಳು.