ಎಡಗೈ ಕತ್ತಿ

ಟೊಲಿಡೋ ಊರಿನ ನಮ್ಮ ಸ್ಟುಡಿಯೋದಲ್ಲಿ ಕಾಮಿಕ್ಸಿಗೆ ಚಿತ್ರ ಬರೆಯುವ ಲೋರ್ನಾಳ ವೀರರಿಗೆಲ್ಲ ಜಪಾನಿನ ಚಿತ್ರಕಥೆ ‘ಮಾಂಗಾ’ದ ವೀರರಂತೆ ತಟ್ಟೆಯಗಲದ ಕಣ್ಣು, ಬಿರುಗಾಳಿಗೆ ಸಿಕ್ಕ ಪೊರಕೆಯಂಥ ಕೂದಲು, ಎಡಗೈಯಲ್ಲೇ ಕತ್ತಿ. "ಕತ್ತೀನ ಬಲಗೈಗೆ ಕೊಡಮ್ಮ," ಎಂದು ಸಂಪಾದಕ ಡ್ವೈಟ್ ಗೋಗರೆದರೆ, "ನಿನ್ನ ಹೊಟ್ಟೆಗೇ ಕೊಡ್ತೀನಿ ಬಾ," ಎಂದು ಪೆನ್ಸಿಲ್ ಚೂಪು ಮಾಡುತ್ತಾಳೆ. ಮೊನ್ನೆ ಅವನು ಗೆದ್ದವನಂತೆ ಬಂದ: "ಜಪಾನಲ್ಲಿ ಆ ಮಾಂಗಾ ವೀರರೂ ಬಲಗೈನೋರೇ ಕಣಮ್ಮ! ಅಲ್ಲಿ ಬಲದಿಂದ ಎಡಕ್ಕೆ ಓದ್ತಾರೆ ಅಂತ, ಇಲ್ಲಿ ಇಂಗ್ಲಿಷಲ್ಲಿ ಅಚ್ಚು ಹಾಕೋವಾಗ ನಮ್ಮೋರು ಚಿತ್ರಗಳನ್ನೇ ಕನ್ನಡೀಲಿ ಕಂಡ ಹಾಗೆ ತಿರುಗಿಸಿಬಿಟ್ರು. ನೀನು ಚಿಕ್ಕೋಳಿದ್ದಾಗ ಓದಿದ್ದು ಅದನ್ನೇ." "ಗೊತ್ತು," ಎಂದಳು ಲೋರ್ನಾ, ತಲೆಯೆತ್ತದೆ. "ಕಾನ್ವೆಂಟಲ್ಲಿ ಸಿಸ್ಟರು, ಬಲಗೈಲೇ ಬರೀಲಿ ಅಂತ, ನನ್ನ ಎಡಗೈನ ಕುರ್ಚಿಗೆ ಕಟ್ತಿದ್ರು. ಆಗ ನನ್ನ ಥರದೋರು ಅಂತ ಸಿಕ್ಕಿದ್ದು ಆ ಪುಸ್ತಕದೋರಷ್ಟೇ. ಅವರ ಕೈ ನಾನು ಕಟ್ಟಲ್ಲ, ಹೋಗು."